ಜುಪಿಟರ್-8: ಥ್ರೆಡ್‌ನದು ಕೊಳ್ಳುವುದೋ, ಬಯೋನೆಟ್‌ನದೋ?

ಸೋವಿಯತ್ ಕಾಲದ ಕ್ಯಾಮೆರಾ ಲೆನ್ಸ್ ಜುಪಿಟರ್-8 (50 ಮಿ.ಮೀ., ಎಫ್/2) ಎರಡು ಬಗೆಯಲ್ಲಿ ಸಿಗುತ್ತದೆ: ಫೆಡ್, ಜೋರ್ಕಿ ಕ್ಯಾಮೆರಾಗಳಿಗೆ ತಿರುಪಿನಂತೆ ಕೂರುವ 39 ಮಿ.ಮೀ. ಅಗಲದ ಎಂ39 ಥ್ರೆಡ್, ಕೀವ್ ಕ್ಯಾಮೆರಾಕ್ಕೆ ತುಸು ತಿರುಗಿಸಿ ಸಿಕ್ಕಿಸುವ ಬಯೋನೆಟ್. ಗಾಜಿನ ವಿನ್ಯಾಸ ಒಂದೇ, ಜರ್ಮನಿಯ ಝೈಸ್ ಕಂಪನಿಯ ಸೊನ್ನಾರ್ ಲೆನ್ಸ್‌ನದು. ಹಾಗಾಗಿ ಚಿತ್ರದ ಗುಣ ನೋಡಿ ಆಯ್ಕೆ ಮಾಡುವ ಪ್ರಶ್ನೆಯೇ ಇಲ್ಲ.

ನಿಜವಾದ ವ್ಯತ್ಯಾಸ ಫೋಕಸ್‌ನಲ್ಲಿದೆ. ಕೀವ್‌ನಲ್ಲಿ 50 ಮಿ.ಮೀ. ಲೆನ್ಸ್ ಅನ್ನು ಹಿಂದೆ ಮುಂದೆ ಸರಿಸುವ ಫೋಕಸ್ ಸುರುಳಿ ಇರುವುದು ಕ್ಯಾಮೆರಾದ ಮೈಯಲ್ಲೇ. ಲೆನ್ಸ್ ಕೈಗೆತ್ತಿಕೊಂಡರೆ ತಿರುಗಿಸಲು ಅಪರ್ಚರ್ (ಬೆಳಕಿನ ಕಿಂಡಿ) ರಿಂಗ್ ಬಿಟ್ಟು ಬೇರೇನೂ ಸಿಗದು. ಇದನ್ನು ಇಂದಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾಕ್ಕೆ ಹಾಕಲು ಸುರುಳಿ ಇರುವ ಅಡಾಪ್ಟರ್, ಅಂದರೆ ನಡುವೆ ಕೂರುವ ಜೋಡಣೆ ಬಳೆ, ಬೇಕು. ಅದು ದುಬಾರಿ, ಅಗ್ಗದ್ದಾದರೆ ಅಲುಗಾಡುತ್ತದೆ. ಲೆನ್ಸ್ ಅಗ್ಗವೆಂದು ಕೊಂಡು ಅಡಾಪ್ಟರ್‌ಗೆ ಹಣ ಸುರಿಯುವುದು ಇಲ್ಲೇ. ಕೀವ್ ಕ್ಯಾಮೆರಾ ಇಲ್ಲದವರು ಥ್ರೆಡ್‌ನದನ್ನೇ ಕೊಳ್ಳಿ.

ಎಂ39ರಲ್ಲೂ ಒಂದು ತೊಡಕಿದೆ. ಹಳೆಯ ಜೆನಿಟ್ ಎಸ್‌ಎಲ್‌ಆರ್‌ಗೂ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದೇ ಥ್ರೆಡ್. ಆದರೆ ಅಲ್ಲಿ ಲೆನ್ಸ್ ಕೂರುವ ಬಾಯಿಯಿಂದ ಫಿಲ್ಮ್‌ಗೆ 45.2 ಮಿ.ಮೀ. ದೂರ, ಫೆಡ್–ಜೋರ್ಕಿಯಲ್ಲಿ 28.8. ಹಾಗಾಗಿ ಜುಪಿಟರ್-8 ಅನ್ನು ಸೋನಿಯ ಮಿರರ್‌ಲೆಸ್ ಕ್ಯಾಮೆರಾಗಳ ಇ ಮೌಂಟ್‌ಗೆ ಹಾಕಲು ಸುಮಾರು 10.8 ಮಿ.ಮೀ. ದಪ್ಪದ ಅಡಾಪ್ಟರ್ ಸರಿ. ಜೆನಿಟ್‌ನ ದಪ್ಪ ಅಡಾಪ್ಟರ್ ಹಾಕಿದರೆ ಒಂದು ಗೇಣು ದೂರದ ವಸ್ತು ಮಾತ್ರ ಸ್ಪಷ್ಟ, ಅದರಾಚೆಯದೆಲ್ಲ ಮಸುಕು.

ಲೈಕಾ ಎಂ ಕ್ಯಾಮೆರಾಕ್ಕೆ 1 ಮಿ.ಮೀ. ಅಡಾಪ್ಟರ್ ಸಾಕು. ಆದರೆ ಎಫ್/2ರಲ್ಲಿ ಹತ್ತಿರದ ಮುಖ ತೆಗೆಯುವಾಗ ರೇಂಜ್‌ಫೈಂಡರ್ (ಕ್ಯಾಮೆರಾದ ದೂರಮಾಪಕ) ತೋರಿದಲ್ಲಿ ಫೋಕಸ್ ಕೂರದೇ ಹೋಗಬಹುದು. ಸೋವಿಯತ್ ಲೆನ್ಸ್‌ಗಳ ಅಳತೆ ಲೈಕಾದ್ದಕ್ಕಿಂತ ತುಸು ಬೇರೆ. ಅಪರ್ಚರ್ ಎಫ್/4ಕ್ಕೆ ಇಳಿಸಿದರೆ ಈ ತಪ್ಪು ಬಹುಪಾಲು ಮುಚ್ಚಿಹೋಗುತ್ತದೆ.

ಕೊಳ್ಳುವ ಮುನ್ನ ಫೋಕಸ್ ರಿಂಗ್ ತಿರುಗಿಸಿ ನೋಡಿ: ಗ್ರೀಸ್ ಒಣಗಿದ್ದರೆ ಬಿಗಿಯಾಗಿರುತ್ತದೆ, ಆಗ ರಿಂಗ್ ತಿರುಗಿಸಲು ಹೋದರೆ ಲೆನ್ಸೇ ಥ್ರೆಡ್‌ನಿಂದ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ.