ಹಿರಿಯರಿಂದ ಬಂದ ಎಂಜಿಬಿ ಕಾರಿನ ಎಂಜಿನ್ ಕಾದು ಕುದಿಯುತ್ತಿದ್ದರೆ

ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರು ಹಿರಿಯರಿಂದ ಕಿರಿಯರ ಕೈಸೇರುವಾಗ, ‘ಇದು ಮೊದಲಿನಿಂದಲೂ ಸ್ವಲ್ಪ ಕಾಯುವ ಗಾಡಿ’ ಎಂಬ ಮಾತೂ ಜೊತೆಯಲ್ಲೇ ಬರುವುದುಂಟು. ಆ ಮಾತನ್ನು ನಂಬಬೇಕಾಗಿಲ್ಲ. 1,798 ಸಿಸಿಯ ಆ ಎರಕದ ಕಬ್ಬಿಣದ ಎಂಜಿನ್ನಿಗೆ ಮೂಲ ರೇಡಿಯೇಟರ್ ಸಾಕಾಗುತ್ತಿತ್ತು. ಕಾರು ವರ್ಷಗಟ್ಟಲೆ ನಿಂತಲ್ಲೇ ನಿಂತಾಗ ಒಳಗೆ ಕಟ್ಟಿಕೊಂಡ ತುಕ್ಕಿನ ಹೂಳೇ ಬಹುಮಟ್ಟಿಗೆ ತೊಂದರೆಯ ಮೂಲ.

ಎಂಜಿನ್ ಯಾವಾಗ ಕಾಯುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿದರೆ ಗಾಳಿ ಸಾಲುತ್ತಿಲ್ಲವೆಂದು ತಿಳಿದು ಫ್ಯಾನ್ ಮತ್ತು ಬೆಲ್ಟನ್ನು ನೋಡಬೇಕು. ಹೆದ್ದಾರಿಯಲ್ಲಿ ವೇಗವಾಗಿ ಸಾಗುವಾಗ ಏರಿದರೆ ನೀರಿನ ಹರಿವಿಗೆ ಎಲ್ಲೋ ತಡೆಯಿದೆ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಹಿಂದೆ ಬಿದ್ದಿದ್ದರೂ, ಗಾಳಿಗೆ ಪೆಟ್ರೋಲ್ ಬೆರೆಸುವ ಎಸ್‌ಯು ಕಾರ್ಬುರೇಟರುಗಳು ಪೆಟ್ರೋಲನ್ನು ಕಡಿಮೆ ಬಿಡುತ್ತಿದ್ದರೂ ಎಂಜಿನ್ ಕಾಯುತ್ತದೆ. ಹಳೆಯ ಮೀಟರೇ ಸುಳ್ಳು ಹೇಳುತ್ತಿರಲೂಬಹುದು. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟಿನ ಗೂಡಿನ ಬಳಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹೋಲಿಸಿ ನೋಡದೆ ಯಾವ ಬಿಡಿಭಾಗಕ್ಕೂ ಹಣ ಸುರಿಯಬಾರದು.

ಹೂಳು ತೆಗೆಯುವ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಆರಂಭಿಸಬೇಕು, ಏಕೆಂದರೆ ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೆಳಗಿನ ಹೋಸ್ ಬಿಚ್ಚಿ ರೇಡಿಯೇಟರ್ ಖಾಲಿಯಾದರೂ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನೊಳಗೆ ನೀರು ಉಳಿಯುತ್ತದೆ. ಅದನ್ನು ಹೊರಬಿಡುವ ನಲ್ಲಿ ಎಂಜಿನ್ನಿನ ಬಲಬದಿಯ ಹಿಂಭಾಗದಲ್ಲಿದೆ. ನಲ್ಲಿ ತೆರೆದರೂ ಒಂದು ಹನಿಯೂ ಬರಲಿಲ್ಲವೆಂದರೆ ರೋಗ ಸಿಕ್ಕಿತೆಂದೇ ತಿಳಿಯಬಹುದು: ನಾಲ್ಕನೆಯ ಸಿಲಿಂಡರಿನ ಸುತ್ತ ಹೂಳು ಗಟ್ಟಿಯಾಗಿ ಕೂತಿದೆ. ನಲ್ಲಿಯನ್ನು ಪೂರ್ತಿ ಕಳಚಿ, ಆ ರಂಧ್ರದಲ್ಲಿ ಗಟ್ಟಿ ತಂತಿಯನ್ನಾಡಿಸಿ ಹೂಳನ್ನು ಸಡಿಲಿಸಿ, ಥರ್ಮೋಸ್ಟಾಟನ್ನೂ ತೆಗೆದು, ಮೇಲಿನಿಂದ ತೋಟದ ಪೈಪಿನ ನೀರನ್ನು ಹದವಾದ ಒತ್ತಡದಲ್ಲಿ ಹಾಯಿಸುತ್ತಿರಬೇಕು. ಕೆಂಪು ನೀರು ತಿಳಿಯಾಗುವವರೆಗೆ ಇದನ್ನು ಬಿಡದೆ ಮಾಡಬೇಕು, ಅರ್ಧ ದಿನ ಹಿಡಿದರೂ ಸರಿಯೇ. ರೇಡಿಯೇಟರನ್ನು ಬೇರೆಯಾಗಿ ಕಳಚಿ ತಲೆಕೆಳಗಾಗಿಸಿ, ಹರಿವಿನ ವಿರುದ್ಧ ದಿಕ್ಕಿನಿಂದ ತೊಳೆಯಬೇಕು. ಹೊರಹಾಕಿದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸಿಹಿಯಾಗಿದ್ದರೂ ನಾಯಿ ಬೆಕ್ಕುಗಳಿಗೆ ವಿಷ. ಅದನ್ನು ಚರಂಡಿಗೆ ಬಿಡಬಾರದು.

ಥರ್ಮೋಸ್ಟಾಟಿನ ಅಲ್ಯೂಮಿನಿಯಂ ಗೂಡನ್ನು ಮೂರು ಸ್ಟಡ್‌ಗಳು (ತಿರುಪಿನ ಕಡ್ಡಿಗಳು) ಹಿಡಿದಿರುತ್ತವೆ. ದಶಕಗಳಿಂದ ಬಿಚ್ಚದಿದ್ದರೆ ಅವು ಗೂಡಿನೊಡನೆ ಬೆಸೆದುಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಎರಡು ಮೂರು ದಿನ ಮೊದಲೇ ಹಚ್ಚುತ್ತ ಬರುವುದು ಲೇಸು. 82 ಡಿಗ್ರಿಯ ಹೊಸ ಥರ್ಮೋಸ್ಟಾಟನ್ನೂ ಪಾತ್ರೆಯ ನೀರಿನಲ್ಲಿ ಕಾಯಿಸಿ, ಆ ಬಿಸಿಯ ಹತ್ತಿರ ತೆರೆಯುತ್ತದೆಯೇ ಎಂದು ನೋಡಿಯೇ ಕೂರಿಸಬೇಕು. ಅದನ್ನು ತೆಗೆದುಹಾಕಿ ಓಡಿಸಿದರೆ ಕಾರು ತಂಪಾಗುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಹದವಾದ ಬಿಸಿಗೆ ಬರದೆ ಬೇಗ ಸವೆಯುತ್ತದೆ.

ಹೋಸ್‌ಗಳನ್ನು ಒಟ್ಟಿಗೆ ಬದಲಿಸಿಬಿಡಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅಥವಾ ಫ್ಯಾನನ್ನು ಹಿಡಿದಾಡಿಸಿದಾಗ ಅದು ಅಲುಗಾಡಿದರೆ ಪಂಪಿನ ಆಯುಸ್ಸು ಮುಗಿದಿದೆ. ರೇಡಿಯೇಟರ್ ಮುಚ್ಚಳದ ಒತ್ತಡ ಆಯಾ ಮಾದರಿಗೆ ಹೇಳಿದಷ್ಟೇ ಇರಬೇಕು. ಹೆಚ್ಚಿನ ಒತ್ತಡದ ಮುಚ್ಚಳ ಕುದಿಯುವ ಹಂತವನ್ನು ಏರಿಸುತ್ತದೆ ನಿಜ, ಆದರೆ ಹಳೆಯ ರೇಡಿಯೇಟರಿನ ಬೆಸುಗೆಯನ್ನೂ ಒಡೆಯಬಲ್ಲದು. 1967ಕ್ಕಿಂತ ಹಿಂದಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಜೋಡಣೆಯಾಗಿರುವುದನ್ನು ಮರೆತು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ.

ತುಂಬುವಾಗ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರನ್ನು ಸಮಪಾಲಾಗಿ ಬೆರೆಸಿ, ಹೀಟರ್ ವಾಲ್ವನ್ನು ಪೂರ್ತಿ ತೆರೆದಿಟ್ಟು, ಗಾಳಿಗುಳ್ಳೆಗಳು ಹೊರಬರಲು ಬಿಡುವು ಕೊಡುತ್ತ ನಿಧಾನವಾಗಿ ಸುರಿಯಬೇಕು. ಎಂಜಿನ್ ಚಾಲೂ ಮಾಡಿದ ಮೇಲೂ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವ ಸಂಭವವಿದೆ. ಅದನ್ನು ಖಚಿತಪಡಿಸುವ ನೀಲಿ ದ್ರಾವಣ, ಸುಟ್ಟ ಅನಿಲ ತಗುಲಿದರೆ ಹಳದಿಗೆ ತಿರುಗುತ್ತದೆ. ಚಳಿಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಕಾಣುವ ಬಿಳಿ ಕೆನೆಯನ್ನು ಮಾತ್ರ ನಂಬಿ ಹೆಡ್ ಬಿಚ್ಚಬಾರದು, ಅದು ಬರಿಯ ತೇವವಿರಬಹುದು. ಎಲ್ಲ ಸರಿಯಿದ್ದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಕಡಿಮೆಯಾದಷ್ಟನ್ನು ತುಂಬಬೇಕು.