ಸಿಹಿ ಸೋರ್‌ಡೋ: ಒಣಹಣ್ಣನ್ನು ನೆನೆಸಿ, ಆಮೇಲೆ ಸೇರಿಸಿ

ಚಾಕೊಲೇಟ್ ಮತ್ತು ಒಣಹಣ್ಣಿನ ಸಿಹಿ ಸೋರ್‌ಡೋ ಬ್ರೆಡ್ (ಸಹಜವಾಗಿ ಹುದುಗಿಸಿದ ಹಿಟ್ಟಿನ ಬ್ರೆಡ್) ಮಾಡುವವರು ಒಣದ್ರಾಕ್ಷಿ, ಅಂಜೂರಗಳನ್ನು ಅರ್ಧ ಗಂಟೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೋಸಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹಿಟ್ಟನ್ನು ಎರಡನೇ ಸಲ ಎಳೆದು ಮಡಚುವಾಗ ಸೇರಿಸಿ. ಹಾಗೇ ಹಾಕಿದ ಒಣಹಣ್ಣು ಹಿಟ್ಟಿನ ನೀರನ್ನೇ ಕುಡಿದು ಬ್ರೆಡ್ಡನ್ನು ಬಿರುಸಾಗಿಸುತ್ತದೆ. ಆರಂಭದಲ್ಲೇ ಹಾಕಿ ನಾದಿದರೆ ಚೂರುಗಳು ಆಗತಾನೇ ಕೂಡಿಕೊಳ್ಳುತ್ತಿರುವ ಗ್ಲುಟೆನ್ (ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಗೋಧಿಯ ಪ್ರೋಟೀನ್) ಎಳೆಗಳನ್ನು ಹರಿಯುತ್ತವೆ. 500 ಗ್ರಾಂ ಹಿಟ್ಟಿಗೆ 100 ಗ್ರಾಂ ಹಣ್ಣು, 80 ಗ್ರಾಂ ಡಾರ್ಕ್ ಚಾಕೊಲೇಟ್ ಧಾರಾಳವಾಯಿತು. ಆಸೆಬುರುಕತನ ತೋರಿದರೆ ಬ್ರೆಡ್ ಮೇಲೇಳುವುದಿಲ್ಲ. ಚಾಕೊಲೇಟನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ, ಫ್ರಿಜ್ಜಿನಿಂದ ತೆಗೆದ ಕೂಡಲೇ ಸೇರಿಸಿ. ಆದರೆ ಕಲಬುರಗಿ, ರಾಯಚೂರಿನ ಏಪ್ರಿಲ್ ಸೆಕೆಯಲ್ಲಿ ಈ ಉಪಾಯ ಕೈಕೊಡುತ್ತದೆ: ಚಾಕೊಲೇಟಿನಲ್ಲಿರುವ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಸುಮಾರು 34 ಡಿಗ್ರಿಗೇ ಕರಗುವುದರಿಂದ ಹಿಟ್ಟೆಲ್ಲ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಅಂಥ ದಿನಗಳಲ್ಲಿ ಚಾಕೊಲೇಟ್ ಬಿಟ್ಟು, ಮೊದಲು ಹಿಟ್ಟು ಕಲಸುವಾಗಲೇ 25 ಗ್ರಾಂ ಕೋಕೋ ಪುಡಿ ಹಾಕಿ, ನೀರನ್ನೂ ಅಷ್ಟೇ ಹೆಚ್ಚಿಸಿ. ಮೆತ್ತಗಿನ ಖರ್ಜೂರವನ್ನಂತೂ ನೆನೆಸಲೇಬೇಡಿ, ಅದು ಕರಗಿ ಪಾಕವಾಗುತ್ತದೆ. ಒಣ ಹಿಟ್ಟಿನಲ್ಲಿ ಹೊರಳಿಸಿದ ಚೂರುಗಳಾಗಿ ಹಾಕಿದರೆ ಸಾಕು. ಸಕ್ಕರೆಯ ಅಂಶ ಹೆಚ್ಚಿದ್ದರೆ ಹುದುಗು ನಿಧಾನವಾಗುತ್ತದೆ, ಗಡಿಯಾರ ನೋಡದೆ ಹಿಟ್ಟಿನ ಉಬ್ಬು ನೋಡಿ. ಓವನ್ನಿಗೆ ಇಡುವ ಮುನ್ನ ಮೇಲೆ ಇಣುಕುತ್ತಿರುವ ದ್ರಾಕ್ಷಿಗಳನ್ನು ಕಿತ್ತುಬಿಡಿ, ಇಲ್ಲದಿದ್ದರೆ ಸುಟ್ಟು ಕಹಿಯಾಗುತ್ತವೆ.