ಆರ್ಕ್ಟಿಕ್ ಪ್ರಯಾಣ, ಅಲ್ಲಿನ ಬದುಕು: ಕ್ಲಾಸಲ್ಲಿ ಮಕ್ಕಳಿಗೆ ಹೇಳ್ಕೊಡೋದು ಹೇಗೆ

ಆರ್ಕ್ಟಿಕ್ ಪಾಠ ಅಂದ್ರೆ ಸಾಮಾನ್ಯವಾಗಿ ಹಿಮಕರಡಿ, ಇಗ್ಲೂ, ಮೈನಸ್ ಇಷ್ಟು ಡಿಗ್ರಿ, ಅಲ್ಲಿಗೆ ಮುಗೀತು. ಮಕ್ಕಳು "ಅಬ್ಬಾ ಅಷ್ಟು ಚಳಿನಾ" ಅಂತಾರೆ, ಪುಟ ತಿರುಗಿಸ್ತಾರೆ. ಆದ್ರೆ ಅಲ್ಲಿ ಜನ ಸಾವಿರಾರು ವರ್ಷದಿಂದ ಮಕ್ಕಳು ಮರಿ ಕಟ್ಕೊಂಡು, ಮಂಜುಗಡ್ಡೆ ಮೇಲೆ ದೂರ ದೂರ ಓಡಾಡ್ಕೊಂಡು ಬದುಕ್ತಾ ಇದಾರಲ್ಲ, ಅದರ ಹಿಂದಿರೋ ತಲೆ ಎಂಥದ್ದು ಅನ್ನೋದೇ ಈ ಪಾಠದ ಜೀವ. ಅದಕ್ಕೆ ನಾನು ಹೇಳೋದು ಇಷ್ಟೇ, ಅವರು ಬಳಸೋ ಒಂದೊಂದು ವಸ್ತು ತೋರಿಸಿ "ಇದು ಹೀಗ್ಯಾಕಿದೆ?" ಅಂತ ಕೇಳಿ, ಉತ್ತರ ನೀವೇ ಹೇಳೋಕೆ ಆತುರ ಪಡ್ಬೇಡಿ.

ಶುರುವಲ್ಲಿ ಗ್ಲೋಬು ಟಾರ್ಚು ಹತ್ತು ನಿಮಿಷ ಸಾಕು. ಭೂಮಿ 23.5 ಡಿಗ್ರಿ ವಾಲಿರೋದ್ರಿಂದ ಸುಮಾರು 66.5 ಡಿಗ್ರಿ ಉತ್ತರದಿಂದ ಮೇಲಕ್ಕೆ ಚಳಿಗಾಲದಲ್ಲಿ ಸೂರ್ಯ ಹುಟ್ಟದೇ ಇರೋ ದಿನಗಳಿರುತ್ತೆ, ನಾರ್ವೆಯ ಟ್ರೋಮ್ಸೋ ಊರಲ್ಲಿ ಹೆಚ್ಚುಕಮ್ಮಿ ಎರಡು ತಿಂಗಳು ಹಾಗೇ. ಮ್ಯಾಪಲ್ಲಿ ಜನರನ್ನೂ ಗುರುತು ಮಾಡ್ಸಿ, ಎಲ್ಲರೂ ಒಂದೇ ಅನ್ಕೋಬಾರದು. ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡಲ್ಲಿ ಇನ್ಯೂಟ್ ಜನ, ನಾರ್ವೆ ಸ್ವೀಡನ್ ಫಿನ್‌ಲ್ಯಾಂಡ್ ಕಡೆ ಸಾಮಿ, ರಷ್ಯಾದ ಯಮಾಲ್‌ನಲ್ಲಿ ಹಿಮಸಾರಂಗದ ಹಿಂಡು ಹೊಡ್ಕೊಂಡು ಅಲೆಯೋ ನೆನೆಟ್ಸ್.

ಆಮೇಲೆ ಬಟ್ಟೆ. ಇದಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡಿ, ಕೊಟ್ರೆ ಲಾಸ್ ಇಲ್ಲ. ಒಂದೇ ಸೈಜಿನ ಎರಡು ಬಾಟಲಿಗೆ ಬಿಸಿನೀರು ಹಾಕಿ (ನೀವೇ ಹಾಕಿ, ಮಕ್ಕಳ ಕೈಗೆ ಬೇಡ), ಒಂದಕ್ಕೆ ಒಣ ಉಣ್ಣೆ ಸಾಕ್ಸ್, ಇನ್ನೊಂದಕ್ಕೆ ಅದೇ ಥರದ್ದು ನೆನೆಸಿ ಹಿಂಡಿದ ಸಾಕ್ಸ್ ತೊಡಿಸಿ, ಎರಡನ್ನೂ ಫ್ಯಾನ್ ಎದುರಿಗಿಟ್ಟು ಐದೈದು ನಿಮಿಷಕ್ಕೆ ಟೆಂಪರೇಚರ್ ಬರೆಸಿ. ಜ್ವರ ನೋಡೋ ಥರ್ಮಾಮೀಟರ್ ಆಗಲ್ಲ, ಲ್ಯಾಬ್‌ದೇ ಬೇಕು. ಒದ್ದೆ ಸಾಕ್ಸ್ ಬಾಟಲಿ ಬೇಗ ಬೇಗ ತಣ್ಣಗಾಗೋದನ್ನ ಗ್ರಾಫ್ ಹಾಕಿದ ಮೇಲೆ ಕೇಳಿ, ಅಷ್ಟು ಚಳಿಲಿ ಮಳೆ ಇಲ್ಲ, ಹಾಗಾದ್ರೆ ಬಟ್ಟೆ ಒದ್ದೆ ಮಾಡೋದು ಯಾವುದು? ಸ್ವಲ್ಪ ಹೊತ್ತು ಬಿಟ್ರೆ ಯಾರಾದ್ರೂ "ಬೆವರು" ಅಂದೇ ಅಂತಾರೆ! ಈಗ ಇನ್ಯೂಟ್ ಉಡುಪಿನ ಚಿತ್ರ ತೋರಿಸಿ. ಕ್ಯಾರಿಬು ಅನ್ನೋ ಹಿಮಸಾರಂಗದ ಚರ್ಮ, ಎರಡು ಪದರ, ಒಳಗಿನದ್ದರ ಕೂದಲು ಮೈ ಕಡೆಗೆ, ಹೊರಗಿನದ್ದರ ಕೂದಲು ಹೊರಗಡೆಗೆ, ಆ ಕೂದಲೊಳಗೇ ಗಾಳಿ ತುಂಬಿರುತ್ತೆ ಹಾಗಾಗಿ ಹಗುರ ಬೆಚ್ಚಗೆ ಎರಡೂ. ಹೊಲಿಗೆ ಲೂಸಾಗಿರುತ್ತೆ, ಸೆಕೆ ಆದ್ರೆ ಟೋಪಿ ಹಿಂದೆ ತಳ್ಳಿದ್ರೆ ಬಿಸಿಗಾಳಿ ಕತ್ತಿನ ಹತ್ರದಿಂದ ಹೊರಗೆ ಹೋಗುತ್ತೆ. ಬೆಚ್ಚಗಿರೋದು ಎಷ್ಟು ಮುಖ್ಯವೋ ಬೆವರದೇ ಇರೋದೂ ಅಷ್ಟೇ ಮುಖ್ಯ ಅಂತ ಮಕ್ಕಳಿಗೆ ಆಗ ತಾನಾಗೇ ಹೊಳೆಯುತ್ತೆ.

ಮುಂದಿನದು ಹಿಮದ ಕನ್ನಡಕ, ಇದು ಬೇಗ ಆಗುತ್ತೆ. ರಟ್ಟಲ್ಲಿ ತೆಳ್ಳಗೆ ಒಂದು ಸೀಳು ಮಾಡಿ ಕಣ್ಣಿಗೆ ಕಟ್ಕೊಂಡು ಬಿಳಿ ಗೋಡೆ ನೋಡಲಿ (ಸೂರ್ಯನ್ನ ಮಾತ್ರ ಬೇಡವೇ ಬೇಡ). ಹಿಮದ ಮೇಲಿನ ಬಿಸಿಲು ಕಣ್ಣನ್ನೇ ಸುಡುತ್ತೆ, ಮೂಳೆಲೋ ಮರದಲ್ಲೋ ಕೆತ್ತಿದ ಇಂಥ ಕನ್ನಡಕ ಅದನ್ನ ತಡೀತಿತ್ತು.

ಪ್ರಯಾಣಕ್ಕೆ ಬಂದ್ರೆ ನಂಗೆ ತುಂಬಾ ಇಷ್ಟ ಜಾರುಬಂಡಿ, ಅಂದ್ರೆ ನಾಯಿಗಳು ಮಂಜಿನ ಮೇಲೆ ಎಳೆಯೋ ಗಾಲಿ ಇಲ್ಲದ ಬಂಡಿ. ಅದನ್ನ ಮೊಳೆ ಹೊಡೆದು ಮಾಡ್ತಿರಲಿಲ್ಲ, ಚರ್ಮದ ಹಗ್ಗದಲ್ಲಿ ಬಿಗೀತಿದ್ರು, ಯಾಕೆ? ಏರುಪೇರಿನ ಮಂಜುಗಡ್ಡೆ ಮೇಲೆ ಬಂಡಿ ಬಳುಕಬೇಕು, ಬಿಗಿಯಾಗಿದ್ರೆ ಮುರಿಯುತ್ತೆ. ಬಯಲು ಮಂಜಲ್ಲಿ ನಾಯಿಗಳನ್ನ ಬೀಸಣಿಗೆ ಥರ ಬೇರೆ ಬೇರೆ ಹಗ್ಗಕ್ಕೆ ಕಟ್ತಾರೆ, ಕಾಡಲ್ಲಾದ್ರೆ ಮರಗಳ ಸಂದಿಲಿ ಹೋಗ್ಬೇಕಲ್ಲ ಅದಕ್ಕೆ ಸಾಲಾಗಿ. ಇನ್ನು ಮರವೇ ಇಲ್ಲದ ಕಡೆ ನೆಟ್ಸಿಲಿಕ್ ಅನ್ನೋ ಇನ್ಯೂಟ್ ಗುಂಪಿನ ಜನ ಮೀನುಗಳನ್ನ ಒದ್ದೆ ಚರ್ಮದಲ್ಲಿ ಸುತ್ತಿ, ಹೆಪ್ಪುಗಟ್ಟಿಸಿ, ಅದನ್ನೇ ಬಂಡಿಯ ಜಾರುಪಟ್ಟಿ ಮಾಡ್ತಿದ್ರು, ಸೀಸನ್ ಮುಗಿದ್ರೆ ಆ ಮೀನು ತಿನ್ನಬಹುದು. ಇದನ್ನ ಕೇಳಿದ ಮಗು ಮರೆಯೋ ಮಾತೇ ಇಲ್ಲ.

ದೊಡ್ಡ ಕ್ಲಾಸಾದ್ರೆ ಎರಡು ಪ್ರಯಾಣ ಅಕ್ಕಪಕ್ಕ ಇಟ್ಟು ಚರ್ಚೆ ಮಾಡ್ಸಿ. 1845ರಲ್ಲಿ ಬ್ರಿಟನ್ನಿನ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಅನ್ನೋ ಎರಡು ಹಡಗಲ್ಲಿ ವಾಯವ್ಯ ಮಾರ್ಗ (ಕೆನಡಾದ ಉತ್ತರದ ಸಮುದ್ರದಲ್ಲಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗೋ ದಾರಿ) ಹುಡುಕೋಕೆ ಹೋದ್ರು, ಡಬ್ಬಿ ಊಟ ಸ್ಟೀಮ್ ಇಂಜಿನ್ನು ಎಲ್ಲಾ ಇತ್ತು, ಹಡಗು ಕೆನಡಾದ ಕಿಂಗ್ ವಿಲಿಯಂ ದ್ವೀಪದ ಹತ್ರ ಮಂಜಲ್ಲಿ ಸಿಕ್ಕಾಕೊಂಡು 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. 1903ರಲ್ಲಿ ನಾರ್ವೆಯ ರೋಲ್ಡ್ ಅಮುಂಡ್ಸೆನ್ ಯೋವಾ ಅನ್ನೋ ಸಣ್ಣ ಹಡಗಲ್ಲಿ ಒಟ್ಟು ಏಳೇ ಜನ ಹೊರಟು, ಅದೇ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ನಿಂತು, ನೆಟ್ಸಿಲಿಕ್ ಜನರಿಂದ ಚರ್ಮದ ಉಡುಪು, ಹಿಮದ ಮನೆ, ನಾಯಿಬಂಡಿ ಎಲ್ಲಾ ಕಲಿತು 1906ರಲ್ಲಿ ದಾರಿ ಮುಗಿಸಿದ್ರು. ಏನು ವ್ಯತ್ಯಾಸ ಅಂತ ಮಕ್ಕಳೇ ಪಟ್ಟಿ ಮಾಡಲಿ. ಜೊತೆಗೆ ಇದನ್ನೂ ಹೇಳಿ, ಎರೆಬಸ್ ಸಿಕ್ಕಿದ್ದು 2014ರಲ್ಲಿ, ಟೆರರ್ 2016ರಲ್ಲಿ, ಇನ್ಯೂಟ್ ಜನ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹೇಳ್ಕೊಂಡು ಬಂದ ಮಾತು ಆ ಹುಡುಕಾಟಕ್ಕೆ ದಾರಿ ತೋರಿಸ್ತು, ಅದನ್ನ ಮೊದಲೇ ನಂಬಿದ್ರೆ ಅನ್ನಿಸದೇ ಇರಲ್ಲ.

ಒಂದು ವಿಷಯ ದಯವಿಟ್ಟು ಬಿಡ್ಬೇಡಿ, ಎಲ್ಲಾನೂ "ಮಾಡ್ತಿದ್ರು" ಅಂತಲೇ ಹೇಳಿ ಮುಗಿಸಿದ್ರೆ ಆ ಜನ ಈಗಿಲ್ಲವೇನೋ ಅನ್ಕೋತಾರೆ. 1999ರಲ್ಲಿ ಕೆನಡಾದಲ್ಲಿ ಇನ್ಯೂಟ್ ಜನರೇ ಹೆಚ್ಚಿರೋ ನುನಾವುಟ್ ಅಂತ ಪ್ರತ್ಯೇಕ ಪ್ರದೇಶವೇ ಆಯ್ತು, ಅಲ್ಲಿ ಸ್ಕೂಲು, ಇಂಟರ್ನೆಟ್ಟು, ಸ್ನೋಮೊಬೈಲು (ಹಿಮದ ಮೇಲೆ ಓಡೋ ಮೋಟಾರು ಗಾಡಿ), ಜಿಪಿಎಸ್ ಎಲ್ಲಾ ಇದೆ. ಈಗಿನ ದೊಡ್ಡ ಕಷ್ಟ ಸಮುದ್ರದ ಮಂಜು ತೆಳ್ಳಗಾಗ್ತಿರೋದು, ಜಿಪಿಎಸ್ ದಾರಿ ತೋರಿಸಬಹುದು ಆದ್ರೆ ಕಾಲ ಕೆಳಗಿನ ಮಂಜು ತಡೆಯುತ್ತಾ ಅಂತ ಹೇಳಲ್ಲ. ಅದಕ್ಕೇ ಸ್ಮಾರ್ಟ್‌ಐಸ್ ಅನ್ನೋ ಸಂಸ್ಥೆ ಕೆನಡಾದ ಇನ್ಯೂಟ್ ಊರುಗಳ ಜನರ ಜೊತೆ ಸೇರ್ಕೊಂಡು, ಸ್ನೋಮೊಬೈಲ್ ಹಿಂದಿನ ಬಂಡಿಲಿ ಸೆನ್ಸರ್ ಕೂರಿಸಿ ಮಂಜಿನ ದಪ್ಪ ಅಳೀತಿದೆ.

ಕೊನೆಗೆ ಪರೀಕ್ಷೆ ಬದಲು ಒಂದು ಕೆಲಸ ಕೊಡಿ: ನಾಲ್ಕು ಜನ, ಒಂದು ಜಾರುಬಂಡಿ, ಮೂರು ದಿನದ ದಾರಿ, ಇಪ್ಪತ್ತು ವಸ್ತುಗಳ ಪಟ್ಟಿ, ತಗೊಳ್ಳೋಕೆ ಎಂಟೇ. ಗುಂಪು ಗುಂಪಾಗಿ ಆರಿಸಿ ಪ್ರತಿಯೊಂದಕ್ಕೂ ಕಾರಣ ಹೇಳಲಿ, ಮಾರ್ಕ್ಸ್ ಕಾರಣಕ್ಕೆ ಕೊಡಿ. ಅರ್ಧಕ್ಕೆ ಬಂದಾಗ "ಮುಂದೆ ಮಂಜು ಒಡೆದಿದೆ, ವಾಪಸ್ಸಾ, ಸುತ್ತು ಹಾಕ್ತೀರಾ, ಕಾಯ್ತೀರಾ?" ಅಂತ ಒಂದು ಚೀಟಿ ಕೊಟ್ಬಿಡಿ.